ಕಂಡದ್ದೋ ಕಾಣದ್ದೋ

ಬಸ್ಸು ಓಡಿಸುವುದನ್ನು ಭೋಜರಾಜನಿಗೆ ಯಾರೂ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದಲ್ಲ. ಹರೆಯದಲ್ಲಿ ಹಂಚಿನ ಲಾರಿಯೊಂದರಲ್ಲಿ ಕ್ಲೀನರ್ ಆಗಿದ್ದಾಗ ಡ್ರೈವರನ ಕೈಕಾಲು ನೋಡುತ್ತ ನೋಡುತ್ತ, ಮಕ್ಕಳಿಗೆ ಮಾತು ಬರುವ ಹಾಗೆ ಅವನಿಗೆ ಅದು ಬಂದುಬಿಟ್ಟಿತ್ತು. 1997ರ ಹೊತ್ತಿಗೆ ಅವನು ಶೇಖರಣ್ಣನ ಬಸ್ಸಿನ ಡ್ರೈವರ್. ಬೆಳಿಗ್ಗೆ ಬ್ರಹ್ಮಾವರದಿಂದ ಹೊರಟು ಸಾಲಿಗ್ರಾಮ, ಕೋಟ, ಕೋಟೇಶ್ವರ, ಕುಂದಾಪುರ ಹಾದು ಬೈಂದೂರು ಮುಟ್ಟುವ ಬಸ್ಸು ಅದು. ಆ ರಸ್ತೆಯಲ್ಲಿ ಖಾಸಗಿ ಬಸ್ಸುಗಳ ಪೈಪೋಟಿ ಹೇಳತೀರದು. ಹಿಂದಿನ ಬಸ್ಸಿನವನು ಹಾರ್ನ್ ಹಾಕುತ್ತಲೇ ಇರುತ್ತಾನೆ, ಮುಂದಿನವನು ನಿಮ್ಮ ಜನರನ್ನು ಹತ್ತಿಸಿಕೊಳ್ಳುತ್ತಲೇ ಇರುತ್ತಾನೆ. ಭೋಜರಾಜ ಅವಸರ ಮಾಡಿದ್ದನ್ನು ಯಾರೂ ಕಂಡಿಲ್ಲ, ಅವನ ಬಸ್ಸು ತಡವಾದದ್ದೂ ಇಲ್ಲ. ಬಾಯಲ್ಲಿ ಎಲೆಯಡಿಕೆ, ಬಾಗಿಲಲ್ಲಿ ನಿಂತ ಕಂಡಕ್ಟರ್ ಕಿಟ್ಟನ ಜೊತೆ ಊರಿನ ಸುದ್ದಿ, ಮಧ್ಯೆ ಮಧ್ಯೆ ನಗು. ಕೈಕಾಲುಗಳು ತಮ್ಮಷ್ಟಕ್ಕೆ ಕೆಲಸ ಮಾಡುತ್ತಿದ್ದವು. ಬೀಜಾಡಿಯಲ್ಲಿ ನಮ್ಮ ನೆರೆಮನೆಯವನಾದ್ದರಿಂದ ನನಗೆ ಅವನ ಪಕ್ಕದ ಬಾನೆಟ್ ಮೇಲೆ ಕೂರುವ ಸಲಿಗೆಯಿತ್ತು. ಎಷ್ಟು ನೋಡಿದರೂ ಅವನು ಯಾವಾಗ ಗೇರ್ ಬದಲಾಯಿಸಿದ ಎಂದು ನನಗೆ ಗೊತ್ತಾಗುತ್ತಿರಲಿಲ್ಲ.

ಆ ವರ್ಷದ ಆಷಾಢದಲ್ಲಿ ಒಂದು ಬೆಳಿಗ್ಗೆ ತ್ರಾಸಿ ದಾಟಿ ಮರವಂತೆಯ ಕಡಲ ಬದಿಗೆ ಬರುತ್ತಲೇ ಅವನು ಬಸ್ಸು ನಿಲ್ಲಿಸಿಬಿಟ್ಟ. ಸ್ಟಾಪೂ ಅಲ್ಲ, ಇಳಿಯುವವರೂ ಇಲ್ಲ. ಮಳೆ ಎಷ್ಟಿತ್ತೆಂದರೆ ವೈಪರ್ ಇದ್ದೂ ಇಲ್ಲದ ಹಾಗೆ.

"ಎಂತಕ್ಕೆ ನಿಲ್ಸಿದ್ದ್ ಭೋಜಣ್ಣ?" ಕಿಟ್ಟ ಕೇಳಿದ.

"ಗೊತ್ತಿಲ್ಲ ಮಾರಾಯ. ಒಂಚೂರ್ ಇಳ್ದ್ ಕಂಡ್ಕಂಡ್ ಬಾ."

ಕಿಟ್ಟ ಕೊಡೆ ಹಿಡಿದು ಮುಂದೆ ಹೋದವನು ಓಡುತ್ತಲೇ ಹಿಂದೆ ಬಂದ. ಅಲೆಗಳು ರಾತ್ರಿಯಿಡೀ ಕೊರೆದು ರಸ್ತೆಯ ಎಡಬದಿಯ ಅಡಿ ಪೊಳ್ಳಾಗಿತ್ತು. ಮೇಲೆ ಡಾಂಬರು ಮಾತ್ರ ಹಪ್ಪಳದ ಹಾಗೆ ನಿಂತಿತ್ತು. ಬಸ್ಸಿನಲ್ಲಿದ್ದವರು ಭೋಜರಾಜನಿಗೆ ಕೈಮುಗಿದದ್ದೇ ಮುಗಿದದ್ದು. ಅವನಿಗೆ ನಾಚಿಕೆ. "ಕಾಲ್ ಬ್ರೇಕ್ ಮೇಲೆ ಹೋಯ್ತ್, ಅಷ್ಟೆ" ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ.

ಮುಂದಿನ ಸೀಟಿನಲ್ಲಿ ದಿನವೂ ಕೂರುತ್ತಿದ್ದ ಬಾಲಚಂದ್ರ ಮಾಸ್ತರರಿಗೆ ಮಾತ್ರ ಈ ಉತ್ತರ ಸಾಕಾಗಲಿಲ್ಲ. ಬೈಂದೂರು ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು ಅವರು. ಯಾವುದಕ್ಕೂ ಒಂದು ಕಾರಣ ಸಿಗದೆ ಬಿಡುವ ಜಾತಿಯಲ್ಲ. ಮರುದಿನ ಬಸ್ಸು ಹತ್ತಿದವರೇ ಹೇಳಿದರು.

"ನಿಮ್ಗ್ ಗೊತ್ತಿತ್ತ್ ಭೋಜಣ್ಣ. ತ್ರಾಸಿಯಿಂದ ಎದುರಿಗೆ ಒಂದ್ ಗಾಡಿಯೂ ಬರ್ಲಿಲ್ಲ, ನೆನಪಿತ್ತಾ? ಆಚೆ ಬದೀಲಿ ಊರೋರ್ ತಡೆದಿದ್ರಂಬ್ರ್. ಆ ಹೊತ್ತಿಗೆ ಅಲ್ಲಿ ಎಷ್ಟ್ ಗಾಡಿ ಬತ್ತ್ ಅಂತ ನಿಮ್ ತಲೆಗ್ ಗೊತ್ತಿತ್ತ್. ಎಂತದೋ ಸರಿ ಇಲ್ಲ ಅಂತ ಅದ್ ಕಂಡಿತ್ತ್. ನಿಮ್ಗ್ ಹೇಳ್ಲಿಲ್ಲ, ಕಾಲಿಗ್ ಹೇಳ್ತ್."

"ನನ್ ತಲೆ ನಂಗೇ ಹೇಳ್ದೆ ಕೆಲ್ಸ ಮಾಡತ್ತಾ ಮಾಷ್ಟ್ರೆ?" ಎಂದು ಭೋಜರಾಜ ನಕ್ಕ. ಆದರೆ ಮನೆಗೆ ಬಂದು ಹೆಂಡತಿ ಗಿರಿಜಾಳಿಗೆ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡ. ಅದು ಅವನಿಗೆ ಸಿಕ್ಕಿದ ಮೊದಲ ಮತ್ತು ಕೊನೆಯ ಬಿರುದು.

ಮರುವರ್ಷ ಚೌತಿ ಕಳೆದು ಕೆಲವು ದಿನಗಳಾಗಿದ್ದವು. ಮಳೆ ಹಿಂದೆ ಸರಿದು ಎಳೆಬಿಸಿಲು ಬಿದ್ದ ಬೆಳಿಗ್ಗೆ. ಬಸ್ಸಿನ ತುಂಬ ಶಾಲೆ ಕಾಲೇಜಿನ ಮಕ್ಕಳು. ನಾವುಂದ ದಾಟಿದ ಮೇಲೆ ಬರುವ ತಿರುವಿನಲ್ಲಿ ಎದುರಿನಿಂದ ಒಂದು ಟೆಂಪೋ ಬರುತ್ತಿತ್ತು. ಅದನ್ನು ಹಿಂದೆ ಹಾಕಲು ಹೊರಟ ಮೀನಿನ ಲಾರಿಯೊಂದು ಇದ್ದಕ್ಕಿದ್ದಂತೆ ಭೋಜರಾಜನ ಬದಿಗೇ ನುಗ್ಗಿತು. ಬಲಗಡೆ ಟೆಂಪೋ, ಮುಂದೆ ಲಾರಿ. ಉಳಿದದ್ದು ಎಡಗಡೆಯ ಮಣ್ಣಿನ ಬದಿ ಒಂದೇ. ಬಸ್ಸು ಎಡಕ್ಕೆ ಹಾರಿತು. ಲಾರಿ ಕನ್ನಡಿಯನ್ನು ಕಿತ್ತುಕೊಂಡು ಉಜ್ಜಿಕೊಂಡೇ ಹೋಯಿತು. ಬಸ್ಸಿನೊಳಗೆ ಯಾರ ಹಲ್ಲೂ ಅಲುಗಲಿಲ್ಲ.

ಆದರೆ ಆ ಮಣ್ಣಿನ ಬದಿಯಲ್ಲಿ ಪಾಂಡು ಎಂಬ ಬಡಗಿ ಸೈಕಲ್ ನಿಲ್ಲಿಸಿ, ಕುಕ್ಕರಗಾಲಲ್ಲಿ ಕುಳಿತು, ಕಳಚಿದ ಚೈನು ಹಾಕಿಕೊಳ್ಳುತ್ತಿದ್ದ. ಉಳಿ, ಕೊಡತಿ, ಗರಗಸ ಕಟ್ಟಿಕೊಂಡು ಕೆಲಸಕ್ಕೆ ಹೊರಟವನು. ಅವನು ತಲೆಯೆತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಭೋಜರಾಜ ಇಳಿದು ನೋಡಿದ. ಮತ್ತೆ ಎಷ್ಟೋ ಹೊತ್ತು ಬಸ್ಸಿನ ಮುಂದಿನ ಚಕ್ರದ ಬದಿಯಲ್ಲಿ ಕುಳಿತೇ ಇದ್ದ. ಬಸ್ಸಿನಲ್ಲಿದ್ದ ಮಕ್ಕಳ ಅಪ್ಪ ಅಮ್ಮಂದಿರು ಓಡಿಬಂದು ಅವನ ಕೈ ಹಿಡಿದು ಅತ್ತರು. ಅವನು ಕೈ ಬಿಡಿಸಿಕೊಂಡು ಅದನ್ನು ಬೇರೆಯವರದೆಂಬಂತೆ ನೋಡಿದ.

ಕೇಸು ಆಯಿತು. ಆಗಲೇಬೇಕಿತ್ತು. ಶೇಖರಣ್ಣ ಒಳ್ಳೆಯ ವಕೀಲರನ್ನೇ ಹಿಡಿದ. ವಕೀಲರು ಕೇಳಿದ್ದು ಒಂದೇ ಪ್ರಶ್ನೆ: ತಿರುಗಿಸುವ ಮೊದಲು ಆ ಮನುಷ್ಯ ಕಂಡಿದ್ದನಾ?

"ಗೊತ್ತಿಲ್ಲ" ಎಂದ ಭೋಜರಾಜ.

"ಗೊತ್ತಿಲ್ಲ ಅಂದ್ರೆ ಕೋರ್ಟಲ್ಲಿ ನಡೆಯುವುದಿಲ್ಲ. ಕಾಣಲಿಲ್ಲ ಅಂತ ಹೇಳಿ. ಮತ್ತೆ ಬಾಯಿ ಬಿಡಬೇಡಿ."

ಅವನು ಹಾಗೇ ಹೇಳಿದ. ಆದರೆ ಎದುರು ಕಡೆಯ ವಕೀಲರು ಬಿಡಬೇಕಲ್ಲ.

"ಎಡಕ್ಕೆ ತಿರುಗಿಸುವ ಮೊದಲು ಎಡಗಡೆ ನೋಡಿದಿರೋ ಇಲ್ಲವೋ?"

"ನೋಡಿದೆ."

"ಕುಳಿತಿದ್ದ ಮನುಷ್ಯ ಕಾಣಲಿಲ್ಲ."

"ಕಾಣಲಿಲ್ಲ."

"ಹಾಗಾದರೆ ನೀವು ನೋಡಿದ್ದು ಏನನ್ನು?"

ಏನು ನೋಡಿದೆ ಎಂದು ಭೋಜರಾಜ ನಿಜಕ್ಕೂ ನೆನೆಯಲು ಹೊರಟ. ಲಾರಿಯ ಮುಖ ನೆನಪಿತ್ತು, ಅದರ ಗಾಜಿಗೆ ನೇತುಹಾಕಿದ್ದ ಒಣಗಿದ ಸೇವಂತಿಗೆ ಮಾಲೆಯೂ ನೆನಪಿತ್ತು. ಆಮೇಲೆ ಸ್ಟೇರಿಂಗು ತಿರುಗಿಯಾಗಿತ್ತು. ಅವೆರಡರ ನಡುವೆ ಏನೂ ಇರಲಿಲ್ಲ. ಅಲ್ಲಿ ತಾನು ಇದ್ದೆನೋ ಇಲ್ಲವೋ ಅದೂ ಗೊತ್ತಿರಲಿಲ್ಲ.

ಅಂದು ಸಂಜೆ ಬಾಲಚಂದ್ರ ಮಾಸ್ತರರು ಬೀಜಾಡಿಯ ಮನೆಗೇ ಬಂದರು. ಸಮಾಧಾನ ಹೇಳುವುದು ಅವರ ಉದ್ದೇಶ. ಗಿರಿಜಾ ಚಾ ಕೊಟ್ಟು ಬಾಗಿಲ ಬಳಿ ನಿಂತಳು.

"ಕಾಣಿ ಭೋಜಣ್ಣ, ಒಂದ್ ಬದೀಲಿ ಬಸ್ ತುಂಬ ಮಕ್ಳ್. ಇನ್ನೊಂದ್ ಬದೀಲಿ ಒಬ್ರ್. ಕೂತ್ಕಂಡ್ ದಿನಗಟ್ಲೆ ಯೋಚ್ನೆ ಮಾಡಿರೂ ನೀವ್ ಅದನ್ನೇ ಮಾಡ್ತಿದ್ರಿ. ಯಾರಾರೂ ಅದನ್ನೇ ಮಾಡ್ಕ್."

"ಆರೆ ನಾನ್ ಯೋಚ್ನೆ ಮಾಡ್ಲಿಲ್ಲ ಅಲ್ದಾ ಮಾಷ್ಟ್ರೆ?"

"ಮಾಡಿರೂ ಅದೇ ಆತಿತ್ತ್ ಅಂಬುದ್ ನಾನ್."

"ಅದಲ್ಲ." ಭೋಜರಾಜ ಲೋಟ ಕೆಳಗಿಟ್ಟ. "ಮರವಂತೇಲಿ ನೀವೇ ಹೇಳಿದ್ರಿ, ನನ್ ತಲೆ ನಂಗ್ ಹೇಳ್ದೆ ಕಾಂತ್ ಅಂತ. ಹಂಗಾರೆ ಅಂದ್ ಪಾಂಡುನನ್ನೂ ಕಂಡಿತ್ತಾ? ಕಂಡೂ ತಿರ್ಸಿತ್ತಾ?"

ಆ ದಿನವೂ ಮುಂದಿನ ಸೀಟಿನಲ್ಲಿದ್ದ ಮಾಸ್ತರರಿಗೆ ಪಾಂಡು ಸ್ಪಷ್ಟವಾಗಿ ಕಂಡಿದ್ದ. ಅದನ್ನು ಅವರು ಸಾಕ್ಷಿ ಹೇಳುವಾಗ ಹೇಳಿಯೂ ಇದ್ದರು. ಅಂಗಳದಲ್ಲಿ ಕತ್ತಲಾಗುವವರೆಗೆ ಕುಳಿತು, ಹವೆಯ ಬಗ್ಗೆ ಎರಡು ಮಾತಾಡಿ ಎದ್ದು ಹೋದರು. ಆಮೇಲೆ ಅವರು ಮುಂದಿನ ಸೀಟಿನಲ್ಲಿ ಕೂರುವುದನ್ನು ಬಿಟ್ಟರು.

ತೀರ್ಪು ಬರುವ ಮೊದಲೇ ಒಂದು ಭಾನುವಾರ ಭೋಜರಾಜ ಯಾರಿಗೂ ಹೇಳದೆ ಪಾಂಡುವಿನ ಮನೆ ಹುಡುಕಿಕೊಂಡು ಹೋದ. ಪಾಂಡುವಿನ ಹೆಂಡತಿ ಪಂಕಜಾಕ್ಷಿ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದವಳು. ಗೇರೆಣ್ಣೆ ತಾಗಿ ಬೆರಳ ತುದಿಗಳು ಕಪ್ಪಾಗಿದ್ದವು. ಬಂದವನು ಯಾರೆಂದು ಗೊತ್ತಾದ ಮೇಲೂ ಅವಳು ಬಾಗಿಲು ಹಾಕಲಿಲ್ಲ.

"ಕೂಕಣಿ" ಎಂದಳು. ಅವನು ಕೂರಲಿಲ್ಲ.

"ಒಂದ್ ಕೇಂತೆ. ನಿಜ ಹೇಳ್ಕ್. ತಿರ್ಸುಕ್ ಮುಂಚೆ ನೀವ್ ಅವ್ರನ್ನ ಕಂಡಿದ್ರ್ಯಾ?"

"ನಂಗ್ ಗೊತ್ತಿಲ್ಲ ಅಕ್ಕ."

"ಕೋರ್ಟಲ್ ಕಾಣ್ಲಿಲ್ಲ ಅಂದ್ರಿ ಅಂಬ್ರ್."

"ಅದ್ ವಕೀಲ್ರ್ ಹೇಳ್ಸಿದ್ದ್."

"ಹಂಗಾರೆ ಕಂಡಿದ್ರಿ."

"ಹಾಂಗೂ ಅಲ್ಲ ಅಕ್ಕ."

ಪಂಕಜಾಕ್ಷಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದ ಅವನು. ಅವಳ ಧ್ವನಿ ಏರಲಿಲ್ಲ.

"ಕಾಣ್ಲಿಲ್ಲ ಅಂದ್ರೆ ಅವ್ರ್ ಹಣೆಬರ ಅಂತ ಬಿಡ್ತೆ. ಕಂಡೇ ತಿರ್ಸಿದ್ದ್ ಅಂದ್ರೆ ನಿಮ್ಗ್ ಶಾಪ ಹಾಕ್ತೆ, ಹಾಕಿ ಸುಮ್ನಾತೆ. ಯಾವ್ದಾರೂ ಒಂದ್ ಹೇಳಿ ಮಾರ್ರೆ. ನಂಗ್ ನಿದ್ರೆ ಬರ್ಕ್ ಅಲ್ದಾ?"

ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಕೋರ್ಟಿನಲ್ಲಿ ಹೇಳಿದ್ದ ಸುಳ್ಳೋ ನಿಜವೋ ಆದ ಆ ಮಾತನ್ನೇ ಇಲ್ಲಿಯೂ ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. ಅವಳು ಒಳಗೆ ಹೋಗುತ್ತ "ಇನ್ನ್ ಬರ್ಬೇಡಿ" ಎಂದಳು.

ತಪ್ಪು ಲಾರಿಯವನದೆಂದು ಭೋಜರಾಜನನ್ನು ಬಿಟ್ಟರು. ಶೇಖರಣ್ಣ ಮತ್ತೆ ಅದೇ ಬಸ್ಸಿಗೆ ಹತ್ತಿಸಿದ. ಆದರೆ ಬಾನೆಟ್ ಮೇಲೆ ಕೂರುತ್ತಿದ್ದ ನಮಗೆಲ್ಲ ಬೇಗನೇ ಗೊತ್ತಾಯಿತು, ಬಸ್ಸು ಅದೇ, ಡ್ರೈವರ್ ಅವನಲ್ಲ. ಎಲೆಯಡಿಕೆ ಬಿಟ್ಟಿದ್ದ. ಕಿಟ್ಟನ ಮಾತಿಗೆ ಉತ್ತರವಿಲ್ಲ. ತುಟಿಗಳು ಮಾತ್ರ ಅಲುಗುತ್ತಿದ್ದವು: ಎಡಗಡೆ ಹೆಂಗಸು, ಬಲಗಡೆ ಆಟೋ, ಮುಂದೆ ದನ. ಕಂಡದ್ದನ್ನೆಲ್ಲ ಅವನು ತನಗೇ ಹೇಳಿಕೊಳ್ಳುತ್ತಿದ್ದ. ತಾನು ಕಾಣದ್ದನ್ನು ಕೈ ಕಾಣಬಾರದು, ತಾನು ಹೇಳದೆ ಅದು ತಿರುಗಬಾರದು. ಹೀಗೆ ಹೊರಟ ಮೇಲೆ ಗೇರ್ ಗೊರಗೊರ ಎನ್ನತೊಡಗಿತು. ಬ್ರೇಕು ಹಾಕಿದರೆ ನಿಂತವರೆಲ್ಲ ಒಬ್ಬರ ಮೇಲೊಬ್ಬರು. ತಲ್ಲೂರಿನಲ್ಲಿ ಹಿಂದಿನ ಬಸ್ಸು, ಹೆಮ್ಮಾಡಿಯಲ್ಲಿ ಅದರ ಹಿಂದಿನದು ದಾಟಿ ಹೋಗುತ್ತಿದ್ದವು.

"ಭೋಜಣ್ಣ, ನೀವ್ ಮುಂಚಿನ್ ಹಾಂಗೆ ಸುಮ್ನೆ ಓಡ್ಸಿ ಕಾಂಬ" ಎಂದು ಕಿಟ್ಟ ಒಂದು ದಿನ ಬೇಡಿಕೊಂಡ.

"ಸುಮ್ನೆ ಓಡ್ಸಿದ್ದಕ್ಕೇ ಅಲ್ದಾ ಒಬ್ಬ ಹೋದ್ದ್?"

ಹೀಗೆಯೇ ಕೆಲವು ವರ್ಷ ನಡೆಯಿತು. ಗಾಡಿಗಳು ಹೆಚ್ಚಿದವು, ಅವನು ನಿಧಾನವಾಗುತ್ತ ಹೋದ. ಕೊನೆಗೊಂದು ಮಧ್ಯಾಹ್ನ ನಾವುಂದದ ತಿರುವಿಗೆ ಬರುವ ಮೊದಲು ಅವನು ಬಸ್ಸನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದ. ಎದುರಿಗೆ ಏನೂ ಇರಲಿಲ್ಲ. ಜನ ಕಾದರು, ಬೊಬ್ಬೆ ಹಾಕಿದರು. ಕಿಟ್ಟ ಬಂದು ನೋಡಿದರೆ ಭೋಜರಾಜನ ಎರಡು ಕೈಗಳೂ ಸ್ಟೇರಿಂಗಿನ ಮೇಲಿದ್ದವು, ಬೆರಳುಗಳು ಬಿಳುಚಿಕೊಂಡಿದ್ದವು.

"ಮೊದ್ಲ್ ಕ್ಲಚ್ಚಾ ಗೇರಾ ಕಿಟ್ಟ?" ಎಂದು ಕೇಳಿದ. ತಮಾಷೆ ಮಾಡುತ್ತಿದ್ದಾನೆಂದು ಕಿಟ್ಟ ನಗಲು ಹೋದ. ಆಮೇಲೆ ಅವನ ಕಣ್ಣು ನೋಡಿ ಕೈ ಹಿಡಿದು ಇಳಿಸಿದ.

ಅವನು ಮತ್ತೆ ಬಸ್ಸು ಹತ್ತಲಿಲ್ಲ. ಕೋಟೇಶ್ವರದಲ್ಲಿದ್ದ ಶೇಖರಣ್ಣನ ಶೆಡ್ಡಿನಲ್ಲಿ ಬಸ್ಸು ತೊಳೆಯುವ ಕೆಲಸಕ್ಕೆ ನಿಂತ. ಪೈಪು ಹಿಡಿದು ಚಕ್ರಗಳಿಗೆ ನೀರು ಬಿಡುತ್ತ ನಿಂತವನನ್ನು ಕಂಡರೆ ನಮ್ಮ ಬೀಜಾಡಿಯವರಿಗೆ ಮಾತಾಡಿಸಲು ಸಂಕೋಚ.

ಮನೆಯಲ್ಲಿಯೂ ಆ ಯೋಚಿಸುವ ಚಾಳಿ ಬಿಡಲಿಲ್ಲ. ಮೊದಲು ಮೀನು ಪೇಟೆಯಲ್ಲಿ ಒಂದು ನೋಟಕ್ಕೆ ತಾಜಾ ಯಾವುದೆಂದು ತಿಳಿದು ಎತ್ತಿಕೊಂಡು ಬರುತ್ತಿದ್ದವನು ಈಗ ಬಂಗುಡೆಯೋ ಬೈಗೆಯೋ ಎಂದು ನಿಂತೇ ಇರುತ್ತಿದ್ದ. ಕಿವಿರು ಬಿಡಿಸಿ ನೋಡುವುದು, ಒತ್ತಿ ನೋಡುವುದು, ಮತ್ತೆ ಪಕ್ಕದ ಬುಟ್ಟಿಗೆ ಹೋಗುವುದು. ಮೀನು ಮಾರುವ ಹೆಂಗಸರು ಬೈದು ಕಳಿಸುತ್ತಿದ್ದರು. ಗಿರಿಜಾ ತಾನೇ ಪೇಟೆಗೆ ಹೋಗತೊಡಗಿದಳು. ಅವಳು ಗಂಡನಿಗೆ ಒಂದು ಬಿರುಸು ಮಾತು ಆಡಿದವಳಲ್ಲ. ಒಮ್ಮೆ ಮಾತ್ರ ಒಲೆಯ ಮುಂದೆ ಕುಳಿತು, "ನೀವ್ ಆ ದಿನ ಬಸ್ಸಿಂದ ಪೂರ್ತಿ ಇಳಿಲೇ ಇಲ್ಲ" ಎಂದಿದ್ದಳು.

ಒಬ್ಬಳೇ ಮಗಳು ದೀಕ್ಷಾ. ಬ್ರಹ್ಮಾವರದ ರತೀಶ್ ಎಂಬ ಹುಡುಗನ ಸಂಬಂಧ ಬಂದಾಗ ಅವಳು ಅಪ್ಪನನ್ನೇ ಕೇಳಿದಳು. ಭೋಜರಾಜ ಹುಡುಗನ ಒಳ್ಳೆಯದನ್ನೂ ಹೇಳಿದ, ಕೆಟ್ಟದನ್ನೂ ಹೇಳಿದ. ಸ್ವಂತ ಎಲೆಕ್ಟ್ರಿಕಲ್ ಅಂಗಡಿ ಇದೆ, ಆದರೆ ಮುಂಗೋಪಿ ಎನ್ನುತ್ತಾರೆ. ಮನೆ ಹತ್ತಿರ, ಆದರೆ ಅತ್ತೆ ಜೋರು. ಹೀಗೆ ಹೇಳಿ ಹೇಳಿ ಎಲ್ಲಿಗೂ ಮುಟ್ಟದೆ ನಿಂತ.

"ಅದೆಲ್ಲ ನಂಗೂ ಗೊತ್ತಿತ್ತ್ ಅಪ್ಪಯ್ಯ. ನಿಮ್ಗ್ ಎಂತ ಅನ್ಸತ್ತ್, ಅದನ್ನ್ ಹೇಳಿ."

"ಅನ್ಸಿದ್ದನ್ನ ನಂಬುಕ್ ಆತಿಲ್ಲ ಮಗಾ."

ದೀಕ್ಷಾ ಅತ್ತುಬಿಟ್ಟಳು. ಗಿರಿಜಾ ಹೂಂ ಎಂದದ್ದರಿಂದ ಮದುವೆ ಆಯಿತು. ಸಂಸಾರ ಚೆನ್ನಾಗಿಯೇ ನಡೆಯಿತು. ಆದರೆ ಅಪ್ಪ ಒಂದು ಮಾತು ಆಡಲಿಲ್ಲ ಎಂಬುದನ್ನು ಅವಳು ಮನಸ್ಸಿನಿಂದ ತೆಗೆದುಹಾಕಲಿಲ್ಲ. ಬಂದಾಗ ತಾಯಿಯ ಹತ್ತಿರವೇ ಮಾತು, ತಾಯಿಯ ಹತ್ತಿರವೇ ಊಟ.

2011ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಭೋಜರಾಜ ಜಗಲಿಯಲ್ಲಿ ಕುಳಿತಿದ್ದ. ಒಳಗೆ ಗಿರಿಜಾ ಗಂಜಿ ಪಾತ್ರೆಯ ಮುಚ್ಚಳ ಮುಚ್ಚಿದ ಸದ್ದು ಕೇಳಿತು. ಅಷ್ಟೇ. ಎದ್ದವನೇ ಕೊಡೆ ಹಿಡಿದು ರಸ್ತೆಗೆ ಹೋಗಿ ಆಟೋ ಕರೆದುಕೊಂಡು ಬಂದ. ಅಂಗಳದಲ್ಲಿ ಆಟೋ ನಿಂತಾಗ ಗಿರಿಜಾ ಬಾಗಿಲಿಗೆ ಬಂದು ಆಶ್ಚರ್ಯದಿಂದ ನೋಡಿದಳು.

"ಎಲ್ಲಿಗ್ ಹೋಪುದ್?"

"ಆಸ್ಪತ್ರೆಗೆ. ಹೊರಡ್."

"ಯಾರಿಗ್ ಎಂತ ಆಯ್ತ್?"

"ನಿಂಗ್ ಎಂತಾರೂ ಆತಿತ್ತಾ?" ಎಂದು ಕೇಳಿದ.

"ಎಂತದೂ ಇಲ್ಲ. ರಾತ್ರಿಯಿಂದ ಒಂಚೂರ್ ತಲೆಭಾರ, ಅಷ್ಟೆ. ಮಾತ್ರೆ ತಿಂದಿದ್ದೆ."

ಭೋಜರಾಜ ಮಳೆಯಲ್ಲಿಯೇ ನಿಂತು ಯೋಚಿಸಿದ. ಹೋದ ವಾರವಷ್ಟೇ ಅವಳನ್ನು ಡಾಕ್ಟರಿಗೆ ತೋರಿಸಿಯಾಗಿತ್ತು. ರಕ್ತದೊತ್ತಡ ಸರಿಯಿದೆ ಎಂದಿದ್ದರು. ಅವಳು ಎದುರಿಗೆ ನಿಂತು ನೆಟ್ಟಗೆ ಮಾತಾಡುತ್ತಿದ್ದಾಳೆ. ರಸ್ತೆ ಅಗಲ ಮಾಡಲು ಅಗೆದು ಹಾಕಿದ್ದರಿಂದ ದಾರಿಯಿಡೀ ಕೆಸರು. ಇಷ್ಟು ದೂರ ಹೋಗಿ ಏನೆಂದು ಹೇಳುವುದು? ಮುಚ್ಚಳದ ಸದ್ದು ಸರಿಯಿರಲಿಲ್ಲ ಎಂದೇ? ಯಾವ ಕಡೆಯಿಂದ ಹಿಡಿದು ನೋಡಿದರೂ ಹೋಗಲು ಒಂದೂ ಕಾರಣ ಸಿಗಲಿಲ್ಲ. ಆಟೋದವನು "ಎಂತ ಭೋಜಣ್ಣ, ಬತ್ರ್ಯಾ ಇಲ್ಲ್ಯಾ?" ಎಂದು ಕೇಳಿದ. "ಹೋಯ್ಲಿ ಮಾರಾಯ, ಬೇಡ" ಎಂದು ಕಳಿಸಿಬಿಟ್ಟ.

ಮಧ್ಯಾಹ್ನ ಬಟ್ಟೆ ಒಗೆಯುವ ಕಲ್ಲಿನ ಬಳಿ ಗಿರಿಜಾ ಬಿದ್ದಳು. ಬಾಯಿ ಒಂದು ಬದಿಗೆ ವಾಲಿತ್ತು. ಬಲಗೈ ಬಲಗಾಲು ಅಲುಗಲಿಲ್ಲ. ನಾವೇ ನಾಲ್ಕು ಜನ ಸೇರಿ ಎತ್ತಿ ಜೀಪಿಗೆ ಹಾಕಿದೆವು. ದೊಡ್ಡಾಸ್ಪತ್ರೆಯ ಡಾಕ್ಟರರು ಯಾವಾಗ ಶುರುವಾಯಿತು ಎಂದು ಕೇಳಿದರು. ಭೋಜರಾಜ ಬೆಳಿಗ್ಗೆಯ ಸಂಗತಿ ಹೇಳಲು ಬಾಯಿ ತೆರೆದು, "ಮಧ್ಯಾಹ್ನ" ಎಂದ. ಇಂಥದ್ದರಲ್ಲಿ ಬೇಗ ಬಂದಷ್ಟೂ ಒಳ್ಳೆಯದಿತ್ತು ಎಂದು ಅವರು ಹೇಳಿ ಒಳಗೆ ಹೋದರು.

ಜೀವ ಉಳಿಯಿತು. ಮಾತು ಹೋಯಿತು. 

ಆಟೋದವನ ಬಾಯಿಂದ ವಿಷಯ ದೀಕ್ಷಾಳಿಗೂ ಗೊತ್ತಾಯಿತು. ಆಸ್ಪತ್ರೆಯ ವರಾಂಡದಲ್ಲಿ ಅವಳು ಅಪ್ಪನ ಎದುರು ನಿಂತಳು.

"ಕರ್ಕಂಡ್ ಹೋಯ್ಕ್ ಅಂತ ಆಟೋ ತಂದದ್ದ್ ನೀವೇ ಅಲ್ದಾ? ಮತ್ತೆ ಎಂತಕ್ಕೆ ಹೋಗ್ಲಿಲ್ಲ?"

"ಯೋಚ್ನೆ ಮಾಡ್ದೆ ಮಗಾ" ಎಂದ ಭೋಜರಾಜ. ಅವಳು ತಲೆ ಚಚ್ಚಿಕೊಂಡು ಅಲ್ಲಿಂದ ಹೊರಟುಹೋದಳು.

ಬೆಳಿಗ್ಗೆ ಹೋಗಿದ್ದರೂ ಇಷ್ಟೇ ಆಗುತ್ತಿತ್ತೇನೋ ಎಂದು ಊರವರು ಹೇಳಿದರು. ಇರಬಹುದು. ಅದೂ ಅವನಿಗೆ ಗೊತ್ತಾಗುವ ಹಾಗಿರಲಿಲ್ಲ. ಪಾಂಡು ಸತ್ತ ದಿನ ಯೋಚಿಸದೆ ಮಾಡಿದ, ಈ ದಿನ ಯೋಚಿಸಿ ಮಾಡದೆ ಬಿಟ್ಟ. ಎರಡು ಕಡೆಯಿಂದಲೂ ಒಂದೇ ಬಾಗಿಲಿಗೆ ಬಂದು ನಿಂತಂತಾಯಿತು ಅವನಿಗೆ. ಅದನ್ನು ನನ್ನ ಹತ್ತಿರ ಹೇಳುವಾಗ ಅವನು ಅಳಲೂ ಇಲ್ಲ.

ಶೆಡ್ಡಿನ ಕೆಲಸ ಬಿಟ್ಟು ಅವನು ಮನೆಯಲ್ಲಿ ಉಳಿದ. ಗಿರಿಜಾಳನ್ನು ಎಬ್ಬಿಸುವುದು, ಮೀಯಿಸುವುದು, ಸೀರೆ ಬೇಡವೆಂದು ನೈಟಿ ತೊಡಿಸುವುದು, ಗಂಜಿ ಉಣಿಸುವುದು. ಅವಳ ಬಾಯಿಂದ ಹೂಂ ಎಂಬ ಒಂದು ಸ್ವರ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಮೊದಮೊದಲು ಅವನು ಒಂದೊಂದನ್ನೇ ಕೇಳುತ್ತಿದ್ದ. ನೀರಾ? ಮಗ್ಗಲು ಬದಲಿಸುವುದಾ? ಕಿಟಕಿಯಾ? ಅವಳು ದಣಿದು ಕಣ್ಣು ಮುಚ್ಚುತ್ತಿದ್ದಳು, ಕಣ್ಣಂಚಿನಲ್ಲಿ ನೀರು. ತಿಂಗಳುಗಳು ಹೋದವು. ಯಾವಾಗಲೋ ಕೇಳುವುದು ನಿಂತಿತು. ಅವಳು ಸ್ವರ ಮಾಡುವ ಮೊದಲೇ ಅವನು ಎದ್ದು ಹೋಗಿ ದಿಂಬು ಸರಿಸುತ್ತಿದ್ದ. ಊಟದ ಮಧ್ಯೆ ಬಟ್ಟಲು ಬದಿಗಿಟ್ಟು ಬೆನ್ನು ನೀವುತ್ತಿದ್ದ. ಇದು ಅವನಿಗೆ ಗೊತ್ತಿತ್ತೋ ಇಲ್ಲವೋ, ನಾವಂತೂ ಯಾರೂ ಹೇಳಲು ಹೋಗಲಿಲ್ಲ.

ದೀಕ್ಷಾ ತಿಂಗಳಿಗೊಮ್ಮೆ ಬಂದು ತಾಯಿಯ ಬಳಿ ಕುಳಿತು ಹೋಗುತ್ತಿದ್ದಳು. ಅಪ್ಪನ ಹತ್ತಿರ ಬೇಕಾದಷ್ಟೇ ಮಾತು. ಎರಡು ವರ್ಷ ಕಳೆದ ಮೇಲೆ ಒಂದು ಸಂಜೆ ಹೀಗೇ ಬಂದಿದ್ದಳು, ನಾನೂ ಅಲ್ಲಿದ್ದೆ. ಭೋಜರಾಜ ಗಂಜಿ ಉಣಿಸುತ್ತಿದ್ದ. ಅರ್ಧದಲ್ಲಿ ಚಮಚ ಇಟ್ಟು, ಎದ್ದು, ಕಾಲ ಬುಡದ ಹೊದಿಕೆ ಎಳೆದು ಎಡಪಾದವನ್ನು ಹೊರಗೆ ಬಿಟ್ಟು, ಮತ್ತೆ ಬಂದು ಕುಳಿತ. ಗಿರಿಜಾ ಸಮಾಧಾನದ ಉಸಿರು ಬಿಟ್ಟಳು.

ದೀಕ್ಷಾ ನೋಡುತ್ತಿದ್ದವಳು ಕೇಳಿದಳು. ಎಷ್ಟೋ ಕಾಲದ ಮೇಲೆ ಅವಳ ಧ್ವನಿಯಲ್ಲಿ ಮುನಿಸಿರಲಿಲ್ಲ.

"ಅಮ್ಮನಿಗ್ ಕಾಲ್ ಸೆಕೆ ಆತಿತ್ತ್ ಅಂತ ನಿಮ್ಗ್ ಹ್ಯಾಂಗ್ ಗೊತ್ತಾಯ್ತ್ ಅಪ್ಪಯ್ಯ?"

ಭೋಜರಾಜನ ಚಮಚ ಗಿರಿಜಾಳ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಹುಬ್ಬು ಗಂಟಿಕ್ಕಿತು. ಅವನು ಹೆಂಡತಿಯ ಕಾಲನ್ನು ನೋಡಿದ, ಹೊದಿಕೆಯನ್ನು ನೋಡಿದ, ತನ್ನ ಕೈಯನ್ನು ನೋಡಿದ. ತುಟಿಗಳು ಅಲುಗತೊಡಗಿದವು. ಚಮಚದಿಂದ ಗಂಜಿ ತೊಟ್ಟಿಕ್ಕಿ ಅವಳ ಎದೆಯ ಮೇಲೆ ಬಿತ್ತು.

"ಹೂಂ" ಎಂದಳು ಗಿರಿಜಾ, ಸ್ವಲ್ಪ ಗಡುಸಾಗಿ. ಹಸಿವಾಗಿತ್ತು ಅವಳಿಗೆ.

ಅವನು ಬೆಚ್ಚಿ ಅವಳ ಕಡೆ ತಿರುಗಿ, ಟವೆಲಿನ ತುದಿಯಿಂದ ಎದೆ ಒರೆಸಿ, ಉಣಿಸಿದ. ದೀಕ್ಷಾ ಮತ್ತೆ ಕೇಳಲಿಲ್ಲ. ಎದ್ದು ಒಳಗೆ ಹೋಗಿ ಅಪ್ಪನಿಗೂ ಒಂದು ಬಟ್ಟಲು ಗಂಜಿ ಬಡಿಸಿ ತಂದು ಮಂಚದ ಬದಿಯ ಸ್ಟೂಲಿನ ಮೇಲಿಟ್ಟಳು.